ಘಾಟಿಯಲ್ಲಿ ಹಿಡಿಯದ ಬ್ಯಾಟರಿ ಕಾರು

ಕೊಪ್ಪದ ವಾಸಪ್ಪನವರು ಇಪ್ಪತ್ತೇಳು ವರ್ಷ ಡ್ರೈವಿಂಗ್ ಕಲಿಸಿದವರು. ಇಳಿಜಾರಿನಲ್ಲಿ ಯಾರಾದರೂ ನ್ಯೂಟ್ರಲ್‌ಗೆ ಹಾಕಿದರೆ ಅಲ್ಲೇ ಕಾರು ನಿಲ್ಲಿಸಿ, ಕಲಿಯುವವನನ್ನು ಇಳಿಸಿ, ನಡೆದು ಬಾ ಎನ್ನುತ್ತಿದ್ದರು. ನಾನೂ ಒಮ್ಮೆ ಹಾಗೆ ನಡೆದಿದ್ದೇನೆ. “ಬ್ರೇಕ್ ಇರೋದು ನಿಲ್ಸೋಕೆ ಮಾರಾಯ. ಘಾಟೀಲಿ ಗಾಡಿ ಹಿಡಿಯೋದು ಎಂಜಿನ್ನು,” ಎಂಬುದು ಅವರ ಮೊದಲ ಪಾಠ.

೨೦೦೬ರಲ್ಲಿ ಶೃಂಗೇರಿಯ ಡಾಕ್ಟರ್ ಮೂಕಾಂಬಿಕಾ ಒಂದು ಪುಟ್ಟ ಬ್ಯಾಟರಿ ಕಾರು ತರಿಸಿ, ಓಡಿಸಿ ತೋರಿಸಲು ಅವರನ್ನು ಕರೆದರು. ವಾಸಪ್ಪ ಬಾನೆಟ್ ಎತ್ತಿದರು. ಒಳಗೆ ಒಂದು ಸ್ಟೆಪ್ನಿ ಮಲಗಿತ್ತು, ಅಷ್ಟೇ.

“ಡಾಕ್ಟ್ರಮ್ಮ, ನಿಮಗೆ ಎಂಜಿನ್ನೇ ಹಾಕದೆ ಕೊಟ್ಟಿದ್ದಾರೆ!”

“ಹಿಂದೆ ಮೋಟಾರಿದೆ ವಾಸಪ್ಪನವರೇ.”

“ಹಾಗಾದ್ರೆ ಇಳಿಜಾರಲ್ಲಿ ಹಿಡಿಯೋದು ಯಾರು?”

“ಓಡಿಸಿ, ಇಳಿಜಾರಲ್ಲಿ ಆಕ್ಸಿಲರೇಟರಿಂದ ಕಾಲು ತೆಗೆದು ನೋಡಿ.”

ತೆಗೆದರು. ಯಾರೋ ಹಿಂದಿನಿಂದ ಹಿಡಿದೆಳೆದಂತೆ ಕಾರು ತಾನೇ ನಿಧಾನವಾಯಿತು. ಇಳಿಯುವಾಗ ಮೋಟಾರು ಕರೆಂಟು ಹುಟ್ಟಿಸಿ ಬ್ಯಾಟರಿಗೆ ವಾಪಸ್ ಕೊಡುತ್ತದೆ, ಆ ಕೆಲಸದಲ್ಲಿ ಚಕ್ರವೂ ನಿಧಾನವಾಗುತ್ತದೆ ಎಂದು ಡಾಕ್ಟರ್ ಹೇಳಿದಾಗ ವಾಸಪ್ಪ ಬಾಯಿ ತೆರೆದುಕೊಂಡೇ ಕೇಳಿದರು. ಅಂದಿನಿಂದ ಆ ಕಾರೆಂದರೆ ಅವರಿಗೆ ಪ್ರೀತಿ.

ಮರುವರ್ಷ ಜನವರಿಯಲ್ಲಿ ಕೆರೆಕಟ್ಟೆ ಕಡೆ ಆರೋಗ್ಯ ಶಿಬಿರವಿತ್ತು. ಘಾಟಿ ಶುರುವಾಗುವಲ್ಲಿ ಮಂಜಯ್ಯ ಎಂಬುವರ ಮನೆಯಲ್ಲಿ ಬೆಳಗಿನಿಂದ ಕಾರು ಚಾರ್ಜಿಗಿಟ್ಟು, ಶಿಬಿರ ಮುಗಿಸಿ, ಮೂರು ಗಂಟೆಗೆ ಇಬ್ಬರೂ ಘಾಟಿಯ ಕೆಳಗಿನ ಮಾಳದ ಕಡೆ ಇಳಿದರು. ಮೊದಲ ತಿರುವಿನಲ್ಲಿ ವಾಸಪ್ಪ ಕಾಲು ತೆಗೆದರು.

ಕಾರು ಹಿಡಿಯಲಿಲ್ಲ.

ಬ್ರೇಕ್ ಒತ್ತಿದರು. ಎರಡು ತಿರುವು ಒತ್ತುತ್ತಲೇ ಹೋದರು. ಸುಟ್ಟ ವಾಸನೆ ಬಂತು, ಪೆಡಲ್ ಮೆತ್ತಗಾಗಿ ಕೆಳಗಿಳಿಯಿತು. ಎಡಕ್ಕೆ ಪ್ರಪಾತ, ಬಲಕ್ಕೆ ಗುಡ್ಡ ಕಡಿದು ಮಾಡಿದ ಮಣ್ಣಿನ ಧರೆ. ಎದುರಿಗೆ ಯಾವ ಗಾಡಿಯೂ ಇರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆಯುತ್ತಾ ಕಾರನ್ನು ಧರೆಗೆ ಉಜ್ಜಿಸಿದರು. ಬಾಗಿಲು ನಗ್ಗಿ ಕಾರು ನಿಂತಿತು. ಡಾಕ್ಟರರ ಕನ್ನಡಕ ಕಾಲಬುಡದಲ್ಲಿ ಬಿದ್ದಿತ್ತು. ಸ್ಟಿಯರಿಂಗ್ ಹಿಡಿದಿದ್ದ ವಾಸಪ್ಪನವರ ಬೆರಳುಗಳು ಬಿಚ್ಚಿಕೊಳ್ಳಲೇ ಇಲ್ಲ. ಡಾಕ್ಟರೇ ಒಂದೊಂದಾಗಿ ಬಿಡಿಸಿದರು.

ವಾರದ ಮೇಲೆ ಕಂಪನಿಯಿಂದ ಯಜ್ಞೇಶ ಎಂಬ ಎಂಜಿನಿಯರ್ ಬಂದರು. “ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದಿದ್ದೀರಿ ಸರ್. ಡ್ರೈವರ್ ತಪ್ಪು,” ಎಂದರು.

ಇಪ್ಪತ್ತೇಳು ವರ್ಷದಲ್ಲಿ ಆ ಮಾತು ಅವರಿಗೆ ಯಾರೂ ಹೇಳಿರಲಿಲ್ಲ. “ಅದೇ ಮನೇಲಿ ಚಾರ್ಜ್ ಮಾಡಿ. ನೀವೇ ಪಕ್ಕದಲ್ಲಿ ಕೂತ್ಕೊಳ್ಳಿ,” ಎಂದರು ವಾಸಪ್ಪ.

ಬ್ರೇಕ್ ರಿಪೇರಿಯಾದ ಮೇಲೆ ಹಾಗೆಯೇ ಮಾಡಿದರು. ಯಜ್ಞೇಶ ತೊಡೆಯ ಮೇಲೆ ಬ್ಯಾಟರಿಗೆ ಹೋಗುವ ಕರೆಂಟು ಅಳೆಯುವ ಮೀಟರ್ ಇಟ್ಟುಕೊಂಡು ಕುಳಿತರು. ಇಳಿಜಾರು ಬಂತು, ವಾಸಪ್ಪ ಕಾಲು ತೆಗೆದರು. ಮೀಟರಿನ ಮುಳ್ಳು ಅಲುಗಲಿಲ್ಲ, ಕಾರಿನ ವೇಗ ಮಾತ್ರ ಏರಿತು.

“ನಿಲ್ಸಿ ಸರ್, ನಿಲ್ಸಿ!”

ಕೆಳಗಿಳಿದ ಯಜ್ಞೇಶರ ಮುಖ ಬಿಳಿಚಿತ್ತು. ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು ಮೀಟರನ್ನು ಮತ್ತೊಮ್ಮೆ ನೋಡಿದರು. “ಬ್ಯಾಟರಿ ಪೂರ್ತಿ ತುಂಬಿದೆ. ಹುಟ್ಟೋ ಕರೆಂಟಿಗೆ ಜಾಗ ಇಲ್ಲ. ಅದಕ್ಕೆ ಮೋಟಾರು ಹಿಡಿಯೋದನ್ನೇ ಬಿಟ್ಟಿದೆ.”

“ಹಾಗೆ ಬಿಡು ಅಂತ ಅದಕ್ಕೆ ಹೇಳಿದ್ದು ಯಾರು?”

“ನಾನೇ ಸರ್. ಬ್ಯಾಟರಿ ಹಾಳಾಗಬಾರದು ಅಂತ ಆ ಪ್ರೋಗ್ರಾಂ ಬರೆದದ್ದು ನಾನೇ. ಬೆಟ್ಟದ ತುದೀಲಿ ಯಾರಾದ್ರೂ ಚಾರ್ಜ್ ಮಾಡ್ತಾರೆ ಅಂತ ನನಗೆ ಹೊಳೀಲೇ ಇಲ್ಲ.”

ವಾಸಪ್ಪ ಬೈಯದೆ ಅವರ ಪಕ್ಕದಲ್ಲೇ ಕುಳಿತರು. “ಹಿಡಿಯಲ್ಲ ಅಂತ ಮೊದಲೇ ಒಂದು ಪೀಪಿನಾದ್ರೂ ಊದಿಸ್ಬಹುದಿತ್ತಲ್ಲ ಮಾರಾಯ್ರೆ,” ಎಂದರು.

ಯಜ್ಞೇಶ ಅದನ್ನು ಬರೆದುಕೊಂಡರು. ಏಪ್ರಿಲ್‌ನಲ್ಲಿ ಹೊಸ ಪ್ರೋಗ್ರಾಂ ತಂದು ಕಾರಿಗೆ ಹಾಕಿದರು. ಈಗ ಚಾರ್ಜು ತುಂಬಲು ಸ್ವಲ್ಪ ಬಾಕಿಯಿರುವಾಗಲೇ ನಿಲ್ಲುತ್ತಿತ್ತು. ಮೋಟಾರು ಹಿಡಿಯದ ಸ್ಥಿತಿ ಬಂದರೆ ಕಾರು ಕೂಗಿ ಹೇಳುತ್ತಿತ್ತು. ವಾಸಪ್ಪನವರೇ ಮಾಳದವರೆಗೆ ಇಳಿಸಿದರು. ಪ್ರತಿ ತಿರುವಿನಲ್ಲೂ ಕಾರು ಹಿಡಿಯಿತು.

ಡಾಕ್ಟರ್ ಆ ಕಾರನ್ನು ಮತ್ತೆ ನಾಲ್ಕು ವರ್ಷ ಓಡಿಸಿದರು. ವಾಸಪ್ಪ ಮಾತ್ರ ಆ ಮಳೆಗಾಲ ಮುಗಿಯುವವರೆಗೂ ಬಸ್ಸಿನಲ್ಲಿ ಕುಳಿತಾಗ ಇಳಿಜಾರು ಬಂದರೆ ಸಾಕು, ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತಿದ್ದರು.