ಸೊನ್ನೆಯನ್ನು ಒಂದು ಮಾಡುವ ಗುಟ್ಟು

ಆಗ ನಾನು ಚಳ್ಳಕೆರೆಯಲ್ಲಿ ಒಂದು ಇಂಟರ್ನೆಟ್ ಸೆಂಟರ್ ನೋಡಿಕೊಳ್ಳುತ್ತಿದ್ದೆ. ಆರು ಕಂಪ್ಯೂಟರ್, ಒಂದು ಮೋಡೆಮ್. ಮೂಲೆಯಲ್ಲಿ ಲಿನಕ್ಸ್ ಎಂಬ ತಂತ್ರಾಂಶ ಹಾಕಿದ್ದ ಏಳನೆಯ ಡಬ್ಬಿ. ಮೋಡೆಮ್‌ನಿಂದ ಬಂದದ್ದನ್ನು ಆರಕ್ಕೂ ಹಂಚುವುದು ಅದರ ಕೆಲಸ. ಹಂಚಬೇಕೋ ಬೇಡವೋ ಎಂಬುದು ಲಿನಕ್ಸಿನ ಒಳತಿರುಳಾದ ಕರ್ನೆಲ್‌ನ ಒಂದೇ ಒಂದು ಅಂಕಿಯ ಮೇಲೆ ನಿಂತಿತ್ತು. ಸೊನ್ನೆಯಿದ್ದರೆ ಬಾಗಿಲು ಹಾಕಿದೆ, ಒಂದಿದ್ದರೆ ತೆಗೆದಿದೆ. ಕರೆಂಟ್ ಹೋಗಿ ಬಂದಾಗ ಮಿಕ್ಕಿದ್ದೆಲ್ಲ ತಾನೇ ಸರಿಯಾಗುತ್ತಿತ್ತು, ಈ ಅಂಕಿ ಮಾತ್ರ ಸೊನ್ನೆಗೆ ಮರಳುತ್ತಿತ್ತು. ನಮ್ಮ ಕಡೆಯ ಕರೆಂಟಿನ ಗುಣ ಗೊತ್ತಲ್ಲ, ದಿನಕ್ಕೆ ನಾಲ್ಕು ಸಲವಾದರೂ ನಾನು ಮುಖ ಗಂಟು ಹಾಕಿಕೊಂಡು ಕಪ್ಪು ಪರದೆಯ ಮುಂದೆ ಕೂರಬೇಕು, ಸಿಸ್‌ಸಿಟಿಎಲ್ ಎಂಬ ಆಜ್ಞೆ ಕೊಟ್ಟು ಸೊನ್ನೆಯನ್ನು ಒಂದು ಮಾಡಬೇಕು.

ಡಬ್ಬಿಯ ಒಂದು ಫೈಲಿನಲ್ಲಿ, ಶುರುವಾದಾಗಲೆಲ್ಲ ಅಂಕಿ ಒಂದೇ ಇರಲಿ ಎಂದು ಒಂದು ಸಾಲು ಬರೆದಿಟ್ಟರೆ ಈ ಕಾಟವೇ ಇರುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಬೇಕೆಂದೇ ಬರೆದಿರಲಿಲ್ಲ. ಡಬ್ಬಿ ತಾನೇ ನಡೆಯತೊಡಗಿದರೆ ಸೆಂಟರ್ ಇಟ್ಟಿದ್ದ ಬಟ್ಟೆ ಅಂಗಡಿಯ ಯಜಮಾನರಿಗೆ ನಾನ್ಯಾಕೆ ಬೇಕು? ಸಾಲದ್ದಕ್ಕೆ, ಬೇರೆಯವರು ಅದನ್ನು ಮುಟ್ಟಿದರೆ ಸುಟ್ಟುಹೋಗುತ್ತದೆ ಎಂದು ಎಲ್ಲರನ್ನೂ ಹೆದರಿಸಿಟ್ಟಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಅದನ್ನು ಜಾಣತನ ಅಂದುಕೊಂಡಿದ್ದೆ.

ಅಕ್ಕನ ಮಗುವಿನ ನಾಮಕರಣಕ್ಕೆಂದು ಒಂದು ದಿನ ಮೊಳಕಾಲ್ಮೂರಿಗೆ ಹೋದೆ. ಸೆಂಟರಿನಲ್ಲಿ ಯಜಮಾನರ ತಾಯಿ ಕೂತಿದ್ದರು, ನಾವೆಲ್ಲ ಅವ್ವ ಎನ್ನುತ್ತಿದ್ದೆವು. ಹೋಳಿಗೆ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಎದುರಿನ ಎಸ್‌ಟಿಡಿ ಬೂತಿನವರು ಕೂಗಿ ಕರೆದರು. ಚಳ್ಳಕೆರೆಯಿಂದ ಫೋನು. ಕರೆಂಟ್ ಹೋಗಿ ಬಂದಿತ್ತು, ಆರೂ ಕಂಪ್ಯೂಟರ್ ಸುಮ್ಮನೆ ಕೂತಿದ್ದವು. ಮಾತಾಡಿದವಳು ಗೌರಸಮುದ್ರದ ಕಡೆಯ ಕೂಲಿಯವರ ಮಗಳು, ಪಿಯುಸಿ ಮುಗಿಸಿದವಳು. ನರ್ಸಿಂಗ್ ಸೀಟು ಸಿಕ್ಕಿತ್ತು, ಒಪ್ಪಿಗೆಯನ್ನು ಇಮೇಲ್‌ನಲ್ಲೇ ಕಳಿಸಬೇಕಿತ್ತು.

"ಅಣ್ಣ, ಐದರೊಳಗೆ ಕಳಿಸ್ಲಿಲ್ಲ ಅಂದ್ರೆ ಸೀಟು ಮುಂದಿನೋರಿಗೆ ಹೋಗ್ತೈತೆ" ಎಂದಳು.

ಗಂಟೆ ನಾಲ್ಕಾಗಿತ್ತು. ಬಸ್ಸು ಹಿಡಿದರೂ ಐದರೊಳಗೆ ಮುಟ್ಟುವುದಿಲ್ಲ. ಹಳ್ಳ ತೋಡಿದವನು ನಾನು, ಬೀಳುತ್ತಿದ್ದವಳು ಆ ಹುಡುಗಿ. ನನ್ನ ಮೇಲೆ ನನಗೇ ಸಿಟ್ಟು ಬಂತು. ಮೂಲೆಯ ಡಬ್ಬಿಯ ಮುಂದೆ ಕೂರು, ನಾನು ಹೇಳಿದ ಹಾಗೆ ಒತ್ತು ಎಂದೆ. ಅಜ್ಜಿ ಮುಟ್ಟಬಾರದು ಅಂತಾರೆ, ಸುಟ್ಟುಹೋಗುತ್ತಂತೆ ಎಂದಳು. ಇಲ್ಲಮ್ಮ, ಅದು ನಾನು ಹೇಳಿದ ಸುಳ್ಳು ಎಂದೆ. ಹೇಳಿದ ಮೇಲೆ ಉಸಿರು ಸ್ವಲ್ಪ ಸಲೀಸಾಯಿತು.

ಆದರೆ ಲೈನು ಗರಗರ ಎನ್ನುತ್ತಿತ್ತು. ಟಿ, ಪಿ, ಡಿ, ವಿ ಎಲ್ಲ ಒಂದೇ ಥರ ಕೇಳುತ್ತಿದ್ದವಂತೆ. ಮೂರು ಸಲ ಹೇಳಿದೆ, ಮೂರು ಸಲವೂ ತಪ್ಪಾಯಿತು. ಐದಾಗಿಬಿಡುತ್ತೆ ಅಣ್ಣ ಎಂದಳು ಹುಡುಗಿ. ಅಷ್ಟರಲ್ಲಿ ಅವ್ವ ಫೋನು ಕಸಿದುಕೊಂಡರು.

"ಅಕ್ಷರ ಬಿಡು. ಎಷ್ಟನೇ ಸಾಲು, ಎಷ್ಟನೇದು, ಅದನ್ನ ಹೇಳು."

ಅವರ ತವರು ಮೊಳಕಾಲ್ಮೂರು, ರೇಷ್ಮೆ ಸೀರೆ ನೇಯುವ ಮನೆ. ಸೆರಗಿನ ಬುಟ್ಟಾ ಎತ್ತುವಾಗ ಒಬ್ಬರು ಎಣಿಕೆ ಕೂಗುವುದು, ಇನ್ನೊಬ್ಬರು ಎಳೆ ಎತ್ತುವುದು ಅಲ್ಲಿಯ ಪದ್ಧತಿ. ಚಿಕ್ಕಂದಿನಲ್ಲಿ ಆ ಎಣಿಕೆ ಕೂಗಿದ್ದು ಇವರೇ. ನಾನು ಕಣ್ಣು ಮುಚ್ಚಿ ಬೂತಿನ ಮೇಜೇ ಕೀಬೋರ್ಡ್ ಎಂಬಂತೆ ಅದರ ಮೇಲೆ ಬೆರಳಾಡಿಸುತ್ತಾ ಹೇಳತೊಡಗಿದೆ. ಎರಡನೇ ಸಾಲು ಎರಡು. ಮೊದಲ ಸಾಲು ಆರು. ಮತ್ತೆ ಎರಡನೇ ಸಾಲು ಎರಡು. ಮೂರನೇ ಸಾಲು ಮೂರು. ಅವ್ವ ಅದನ್ನೇ ರಾಗವಾಗಿ ಕೂಗುತ್ತಿದ್ದರು, ಹುಡುಗಿ ಒತ್ತುತ್ತಿದ್ದಳು. ಪಾಸ್‌ವರ್ಡೂ ಹೀಗೇ ದಾಟಿತು. ಯಾರಿಗೂ ಬಿಟ್ಟುಕೊಡದ ಗುಟ್ಟು ಫೋನಿನ ತಂತಿಯಲ್ಲಿ ಹೋಗುತ್ತಿತ್ತು. ಮೊದಲು ಅಂಕಿ ಎಷ್ಟಿದೆ ಎಂದು ನೋಡಿಸಿದೆ, ಸೊನ್ನೆ. ಆಮೇಲೆ ಬದಲಿಸುವ ಆಜ್ಞೆ. ಒಂದು ಕಡೆ ಚುಕ್ಕೆ ತಪ್ಪಿ ಡಬ್ಬಿ ಒಪ್ಪಲಿಲ್ಲ. ಅವ್ವ ಸ್ವಲ್ಪವೂ ಬೇಜಾರಿಲ್ಲದೆ, ಬಿಚ್ಚಿ ನೇಯ್ದರಾಯಿತು, ಮೊದಲಿಂದ ಹೇಳು ಎಂದರು.

"ಒಂದು ಅಂತ ಬಂತಂತೆ" ಎಂದರು ಕೊನೆಗೆ. ನಾಲ್ಕೂಮುಕ್ಕಾಲಿಗೆ ಮತ್ತೆ ಫೋನು ಬಂತು. ಮೇಲ್ ಹೋಯಿತು, ತಲುಪಿತು ಎಂಬ ಉತ್ತರವೂ ಬಂತು ಎಂದು ಹುಡುಗಿ ಅಳುತ್ತಾ ನಗುತ್ತಾ ಹೇಳಿದಳು. ನಾನು ಬೂತಿನ ಸ್ಟೂಲಿನ ಮೇಲೆ ಕುಸಿದು ಕೂತೆ. ಬೂತಿನವರು, ಮನೆಯಲ್ಲಿ ಏನಾದರೂ ಆಯಿತಾ ಎಂದು ನೀರು ತಂದುಕೊಟ್ಟರು. ಆ ನೀರಿನಷ್ಟು ತಂಪಾದದ್ದನ್ನು ನಾನು ಆಮೇಲೆ ಕುಡಿದಿಲ್ಲ.

ಮರುದಿನ ಬೆಳಿಗ್ಗೆ ಅವ್ವನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಒಂದು ಸಾಲು ಬರೆದಿದ್ದರೆ ಆ ಹುಡುಗಿ ಅಷ್ಟು ಹೆದರಬೇಕಿರಲಿಲ್ಲ, ಕೆಲಸ ಹೋದೀತೆಂದು ಬರೆಯಲಿಲ್ಲ ಎಂದೆ. ಅವ್ವ ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ನನ್ನನ್ನೇ ನೋಡಿದರು.

"ನೀನು ನಮಗೆ ಬೇಕು ಅಂದ್ರೆ ಕರೆಂಟ್ ಹೋಗ್ಲೇಬೇಕೇನಪ್ಪ?"

ನಾನು ಹೋಗಿ ಡಬ್ಬಿಯ ಮುಂದೆ ಕೂತು, ಫೈಲು ತೆರೆದು, ಆ ಸಾಲು ಬರೆದೆ.