ತಾಮ್ರದ ಹೊಲಿಗೆ ಹಾಕಿದ ಎಂಜಿನ್ನು

ನಿಜಾಮರ ಆಳ್ವಿಕೆಯ ಕೊನೆಯ ಬೇಸಿಗೆಯಲ್ಲಿ ಸೇಡಂನ ನಮ್ಮ ಪಕ್ಕದ ಮನೆಯ ವಕೀಲರು ಊರು ಬಿಟ್ಟರು. ಹೋಗುವಾಗ ತಮ್ಮ ಮೋಟಾರು ಗಾಡಿಯನ್ನು ನನ್ನ ಗಂಡನಿಗೆ ಕೊಟ್ಟರು. ಭಾರೀ ದಾನವೇನಲ್ಲ. ಕುದಿಯುತ್ತಿದ್ದ ಎಂಜಿನ್ನಿಗೆ ಯಾರೋ ಬಾವಿಯ ತಣ್ಣೀರು ಸುರಿದಿದ್ದರಿಂದ, ಅದರ ಬೀಡುಕಬ್ಬಿಣದ ಬ್ಲಾಕು ಗೇಣುದ್ದ ಸೀಳಿಹೋಗಿತ್ತು.

ನಮ್ಮವರು ಮೋಟಾರು ಮಿಸ್ತ್ರಿ. ಬಿರುಕಿನುದ್ದಕ್ಕೂ ತೂತು ಕೊರೆದು, ಒಂದಕ್ಕೊಂದು ಕಚ್ಚಿಕೊಳ್ಳುವಂತೆ ತಾಮ್ರದ ತಿರುಪು ಕೂಡಿಸಿ, ಅರದಿಂದ ಉಜ್ಜಿ ಸಪಾಟು ಮಾಡಿದರು. ಮೇಲೆ ಕಬ್ಬಿಣದ ಪುಡಿಗೆ ನವಸಾಗರದ ಉಪ್ಪು ಕಲಸಿ ಮೆತ್ತಿದರು. ಅದು ತುಕ್ಕು ಹಿಡಿದು ಉಬ್ಬಿ ಸಂದಿ ಮುಚ್ಚಬೇಕು, ಅವಸರ ಮಾಡಬಾರದು ಅನ್ನುತ್ತಿದ್ದರು. ನನಗೋ ಅವಸರವೇ ಅವಸರ. ಚಿಂಚೋಳಿಯ ಮಿಸ್ತ್ರಿಯೊಬ್ಬನನ್ನು ನಿಜಾಮರ ಕಡೆಯ ಬಂದೂಕಿನವರು ತಮ್ಮ ಲಾರಿ ರಿಪೇರಿಗೆಂದು ಎತ್ತಿಕೊಂಡು ಹೋಗಿದ್ದರು. ಆತ ತಿರುಗಿ ಬಂದಿರಲಿಲ್ಲ. ಮುಂದಿನ ಪಾಳಿ ನಮ್ಮವರದೇ ಎಂದು ನನಗೆ ಅನ್ನ ಇಳಿಯುತ್ತಿರಲಿಲ್ಲ.

ಕೊನೆಗೂ ಬ್ಲಾಕಿನಲ್ಲಿ ನೀರು ಸೋರದೆ ನಿಂತಿತು. ಮರುದಿನವೇ ವಾಡಿಗೆ ಹೊರಟೆವು. ಅಲ್ಲಿ ಮೋಟಾರು ಬಿಟ್ಟು, ರೈಲು ಹತ್ತಿ ನಿಜಾಮರ ಗಡಿ ದಾಟುವುದು ನಮ್ಮ ಯೋಚನೆ. ಚಿತ್ತಾಪುರ ದಾಟುತ್ತಲೇ ಬಂದೂಕಿನವರು ರಸ್ತೆಗೆ ಅಡ್ಡ ನಿಂತಿದ್ದರು.

"ಇಳಿಯಲೇ ಕೆಳಗ. ಗಾಡಿ ನಮಗ ಬೇಕು," ಅಂದ ಒಬ್ಬ. ಬಾನೆಟ್ಟು ಎತ್ತಿ ನೋಡಿ ಮುಖ ಸಿಂಡರಿಸಿದ. "ಥೂ! ಯಾವ ದಡ್ಡ ಮಾಡ್ಯಾನಲೇ ಈ ಕೆಲಸ?"

ನನಗೆ ಬಂದೂಕಿಗಿಂತ ಗಂಡನ ಬಾಯಿಯ ಭಯ. ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಣ್ಣುವ ಮನುಷ್ಯ. ತಮ್ಮ ಕೆಲಸಕ್ಕೆ ಹೆಸರಿಟ್ಟು ಹಳಿದರೆ ಮಾತ್ರ ಯಾರನ್ನೂ ಬಿಟ್ಟವರಲ್ಲ. ಅದೇ ಕಾರಣಕ್ಕೆ ನನ್ನ ಅಪ್ಪನ ಜೊತೆಗೇ ಮಾತು ಬಿಟ್ಟಿದ್ದರು. ಈಗ "ನಾನೇ" ಅಂದರೆ ಮುಗಿಯಿತು, ಮಿಸ್ತ್ರಿಯೆಂದು ಗೊತ್ತಾಗಿ ಇವರನ್ನೂ ಒಯ್ಯುತ್ತಾರೆ. ಗಂಡನ ದವಡೆ ಬಿಗಿಯುವುದು ಕಂಡು ಅವರ ತೋಳು ಹಿಡಿದೆ.

"ಹಾದ್ಯಾಗ ಸಿಕ್ಕವ ಯಾರೋ ಮಾಡಿಕೊಟ್ಟಾನ್ರಿ," ಅಂದರು. "ದಡ್ಡನೇ ಇರಬೇಕ್ರಿ. ನಾ ಬರೇ ಡ್ರೈವರ್ ಅದೀನ್ರಿ."

"ಇದು ವಾಡಿ ತನಕಾನೂ ಮುಟ್ಟಂಗಿಲ್ಲ. ಹೋಗಲೇ," ಎಂದು ಆತ ದಾರಿ ಬಿಟ್ಟ.

ವಾಡಿ ಮುಟ್ಟಿದೆವು. ನಮ್ಮವರು ಸ್ಟೇಷನ್ನಿನ ಹೊರಗೆ ಮೋಟಾರು ನಿಲ್ಲಿಸಿ, ರೈಲಿನ ಹೊತ್ತಾಯಿತೆಂದರೂ ಕೇಳದೆ ಬಾನೆಟ್ಟು ಎತ್ತಿ ಬಗ್ಗಿ ನೋಡಿದರು.

"ಒಂದ ಹನಿನೂ ಸೋರಿಲ್ಲ, ನೋಡಿಲ್ಲಿ," ಅಂದರು. ಕಣ್ಣು ತುಂಬಿದ್ದವು. ದನಿ ಏರಿತು. "ಯಾರು ದಡ್ಡ? ಇದನ್ನ ಮಾಡಿದಾವ ನಾ..."

ಸುತ್ತ ಜನ ತಿರುಗಿ ನೋಡುತ್ತಿದ್ದರು. ನಾನು ಅವರ ಬಾಯಿಗೆ ನನ್ನ ಸೆರಗು ಒತ್ತಿ ಹಿಡಿದೆ.