ಅಕ್ಕನ ಸ್ಲೈಡಿಗೆ ಒಳ್ಳೇ ನೀರು

ಮೊನ್ನೆ ಪಕ್ಕದ ಮನೆಗೆ ಪೇಂಟ್ ಹೊಡೆಯೋರು ಥಿನ್ನರ್ ಡಬ್ಬಿ ತೆರೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ದಿನವಿಡೀ ಅಂಥದ್ದೇ ವಾಸನೆ ಹೊಡೆಯುತ್ತಿದ್ದ, ಸೇಲಂನಲ್ಲಿ ನಾನು ಮೊದಲು ಕೆಲಸಕ್ಕೆ ಸೇರಿದ ಲ್ಯಾಬು ನೆನಪಾಯಿತು. ಅಲ್ಲಿ ನನಗೆ ಕೆಲಸ ಕಲಿಸಿದ, ನಾನು ಅಕ್ಕ ಅಂತಲೇ ಕರೆಯುತ್ತಿದ್ದ ಹಿರಿಯರು ನೆನಪಾದರು...

ಅಕ್ಕ ಅದಿಯಮಾನ್‌ಕೋಟೆ ಕಡೆಯವರು, ನಾನು ಓಮಲೂರು. ಲ್ಯಾಬಿನಲ್ಲಿ ಎಲ್ಲರ ಹತ್ತಿರ ತಮಿಳು, ನಾವಿಬ್ಬರು ಮಾತಾಡುವಾಗ ಮನೆಮಾತು ಕನ್ನಡ. ಆಪರೇಷನ್ನಿನಲ್ಲಿ ತೆಗೆದ ಮಾಂಸದ ತುಂಡನ್ನು ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಕೂರಿಸಿ, ಬಣ್ಣ ಹಾಕೋದು ನಮ್ಮ ಕೆಲಸ. ಬಣ್ಣ ಸರಿಯಾಗಿ ಹಿಡಿದರೇನೇ ಡಾಕ್ಟರಿಗೆ ಕ್ಯಾನ್ಸರ್ ಹೌದೋ ಅಲ್ಲವೋ ಗೊತ್ತಾಗೋದು.

ಒಂದು ದಿನ ಬಂದ ತುಂಡು ಅಕ್ಕನದೇ. ಎದೆಯಲ್ಲಿ ಗಂಟು ಕಂಡಿತ್ತು. ತನ್ನದನ್ನು ತಾನೇ ಮಾಡಬಾರದು ಅಂತ ನನ್ನ ಕೈಗೆ ಕೊಟ್ಟು, ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತರು. ಮೊದಲ ಬಣ್ಣ ಆದಮೇಲೆ ನೀರಲ್ಲಿ ಬಿಟ್ಟರೆ ಅದು ನೀಲಿಗೆ ತಿರುಗಬೇಕು. ತಿರುಗಲಿಲ್ಲ. ಕೆಂಪಗೇ ನಿಂತುಬಿಟ್ಟಿತು.

“ಯಾವ್ ನೀರ್ಲೇ ಆಕಿರೋದು?” ಅಂದರು ಅಕ್ಕ.

ಕಸ ಗುಡಿಸುತ್ತಿದ್ದ ಆಯಾ ಮೆಲ್ಲಗೆ ಬಾಯಿಬಿಟ್ಟಳು. “ನಲ್ಲ ತಣ್ಣಿದಾಮ್ಮಾ...” ಒಳ್ಳೇ ನೀರೇ ಅಮ್ಮಾ ಅಂತ. ಅಕ್ಕನ ತುಂಡಲ್ಲವಾ ಅಂತ ಪಾಪ, ದಿನಾ ಹಾಕೋ ಬೋರಿನ ಉಪ್ಪುನೀರನ್ನು ಚೆಲ್ಲಿ, ನಾವು ಕುಡಿಯೋ ಕ್ಯಾನಿನ ನೀರು ತುಂಬಿಟ್ಟಿದ್ದಳು.

ಅಕ್ಕ ನಕ್ಕೇಬಿಟ್ಟರು. ನನ್ನ ಕಡೆ ತಿರುಗಿ ಅಂದರು, “ಅಯ್ಯೋ, ಬಣ್ಣ ತಿರುಗಕ್ಕೆ ಉಪ್ಪುನೀರೇ ಬೇಕು ಕಣೇ. ನಂದಕ್ಕೂ ಅದೇ ಉಯ್ಯಿ, ಓಗು.”

ಬೋರಿನ ನೀರಿಗೆ ಬಿಟ್ಟೆ. ನೋಡನೋಡುತ್ತಾ ನೀಲಿ ಎದ್ದು ಬಂತು... ಎಷ್ಟು ಖುಷಿಯಾಯಿತು ಅಂತೀರಿ. ಎರಡನೇ ಬಣ್ಣವನ್ನೂ ಮುಗಿಸಿ ಒಳಗೆ ಕೊಟ್ಟೆ. ಡಾಕ್ಟರು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದಿಟ್ಟು ಅಕ್ಕನನ್ನು ಒಳಗೆ ಕರೆದರು. ಕರೆದ ರೀತಿಯಲ್ಲೇ ನನಗೆ ಗೊತ್ತಾಗಿಹೋಯಿತು. ಹಾಳಾದ್ದು, ಆ ನೀಲಿ ಬರದೇ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅಕ್ಕ ಹೊರಗೆ ಬಂದು ಸಿಂಕಿನ ಹತ್ತಿರ ನಿಂತರು. ನಾನು ಮುಖ ಎತ್ತಲೇ ಇಲ್ಲ. “ಸ್ಲೈಡು ಚೆನ್ನಾಗಿ ಬಂದೈತಂತೆ. ಡಾಕ್ಟ್ರು ಏಳುದ್ರು,” ಅಂದರು.

ಅಕ್ಕ ಹೋಗಿ ಎಷ್ಟೋ ವರ್ಷವಾಯಿತು. ಈಗ ಬೇರೆ ಆಸ್ಪತ್ರೆಯಲ್ಲಿ ನನ್ನ ಕೈಕೆಳಗೆ ಕಲಿಯೋ ಹುಡುಗಿಯರಿದ್ದಾರೆ. ಬಣ್ಣ ಸರಿಯಾಗಿ ಹಿಡಿದರೆ ಸಾಕು, ಮೇಡಂ ನೋಡಿ ನೋಡಿ ಅಂತ ಓಡಿಬರುತ್ತಾರೆ. ಚೆನ್ನಾಗಿ ಬಂದಿದೆ ಅನ್ನುತ್ತೇನೆ. ಆದರೆ ಯಾರ ಮನೆಯವರದೋ ಅಂತ ಇವತ್ತಿಗೂ ಒಮ್ಮೆ ಚೀಟಿಯಲ್ಲಿನ ಹೆಸರು ನೋಡುತ್ತೇನೆ.